ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಮಟ್ಟ ನೋಡುವ, ತುಂಬುವ ಸರಿಯಾದ ವಿಧಾನ

ಎಂಜಿನ್ ಆಯಿಲ್ ನೋಡುವ ರೂಢಿಯಲ್ಲೇ ಗೇರ್‌ಬಾಕ್ಸ್ ಆಯಿಲನ್ನೂ ನೋಡಲು ಹೋಗುವುದರಿಂದ ಆಟೋಮ್ಯಾಟಿಕ್ ಕಾರುಗಳಲ್ಲಿ ಬಹಳಷ್ಟು ಎಡವಟ್ಟು ಆಗುತ್ತವೆ. ಎಂಜಿನ್ ಆಯಿಲ್ ಆದರೆ ಗಾಡಿ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಕಡ್ಡಿ ಎಳೆದು ನೋಡಿದರೆ ಮುಗಿಯಿತು. ಎಟಿಎಫ್ ಅನ್ನು, ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಅನ್ನು, ಹಾಗೆ ನೋಡಿದರೆ ಹೆಚ್ಚಿನ ಗಾಡಿಗಳಲ್ಲಿ ಡಿಪ್‌ಸ್ಟಿಕ್ ತಪ್ಪು ಲೆಕ್ಕ ಕೊಡುತ್ತದೆ. ಎಂಜಿನ್ ತಿರುಗುವಾಗ ಪಂಪ್ ಈ ಆಯಿಲನ್ನು ಟಾರ್ಕ್ ಕನ್ವರ್ಟರ್, ಆಯಿಲಿನ ದಾರಿ ತೆರೆದು ಮುಚ್ಚುವ ವಾಲ್ವ್ ಬಾಡಿ, ಕೂಲರ್ ಪೈಪುಗಳಿಗೆಲ್ಲ ಒತ್ತಿ ತುಂಬಿಸಿರುತ್ತದೆ. ಎಂಜಿನ್ ನಿಂತಾಗ ಅದರಲ್ಲೊಂದು ಪಾಲು ಕೆಳಗಿನ ಪ್ಯಾನ್‌ಗೆ ಇಳಿದು ಮಟ್ಟ ಮೇಲೆ ಕಾಣುತ್ತದೆ. ಕಡಿಮೆ ಇದ್ದದ್ದು ಸರಿಯಾಗಿದೆ ಅನ್ನಿಸುವುದು ಹೀಗೆ.

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯ. ಎಂಜಿನ್ ಆಯಿಲ್ ಒಂದಿಷ್ಟು ಉರಿದು ಕಡಿಮೆಯಾಗುವುದು ಸಹಜ. ಎಟಿಎಫ್ ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಂದೆ ಯಾರೋ ಅಳತೆ ತಪ್ಪಿ ತುಂಬಿದ್ದಾರೆ. ತುಂಬುವುದರ ಜತೆಗೆ ಕಾರಣ ಹುಡುಕುವುದೂ ಅದೇ ದಿನದ ಕೆಲಸ.

ಈ ಆಯಿಲಿನ ಮೇಲೆ ಏಕಕಾಲಕ್ಕೆ ಹಲವು ಹೊರೆಗಳಿವೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಇದೇ. ಕ್ಲಚ್ ಪ್ಯಾಕ್‌ಗಳನ್ನು, ಅಂದರೆ ಗೇರ್‌ಬಾಕ್ಸಿನೊಳಗಿನ ಕ್ಲಚ್ ತಟ್ಟೆಗಳ ಕಟ್ಟುಗಳನ್ನು, ಒತ್ತಿ ಹಿಡಿಯುವ ಒತ್ತಡವೂ ಇದರದ್ದೇ. ಶಾಖ ಹೊತ್ತು ಕೂಲರಿಗೆ ಒಯ್ಯಬೇಕು, ಬೇರಿಂಗು ಗೇರುಗಳಿಗೆ ಜಾರಿಕೆ ಕೊಡಬೇಕು. ಮಟ್ಟ ಒಂದು ಲೀಟರ್ ಕಡಿಮೆಯಾದರೂ ತಿರುವಿನಲ್ಲೋ ಏರಿನಲ್ಲೋ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯಬಹುದು. ಗಾಳಿ ಹೊಕ್ಕ ಆಯಿಲಿಗೆ ಒತ್ತಡ ನಿಲ್ಲದು, ಕ್ಲಚ್ ಜಾರುತ್ತದೆ, ಜಾರಿದ ಕ್ಲಚ್ ಸುಡುತ್ತದೆ. ಬೆಳಿಗ್ಗೆ ಡ್ರೈವ್‌ಗೆ ಹಾಕಿದರೆ ಒಂದೆರಡು ಸೆಕೆಂಡ್ ತಡವಾಗಿ ಗೇರ್ ಹಿಡಿಯುವುದು, ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿದರೂ ಗಾಡಿ ಎಳೆಯದಿರುವುದು, ಕೆಳಗಿನಿಂದ ಸಣ್ಣಗೆ ಕೊಯ್ಯೆನ್ನುವ ಸದ್ದು ಇವೆಲ್ಲ ಮೊದಲ ಸೂಚನೆಗಳು.

ಮೊದಲು ನಿಮ್ಮದು ಯಾವ ಗೇರ್‌ಬಾಕ್ಸ್ ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ ಎಲ್ಲ ಕಾರೂ ಒಂದೇ ಅಲ್ಲ. ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಸಾಮಾನ್ಯ ಆಟೋಮ್ಯಾಟಿಕ್ ಬಗ್ಗೆ. ಸಿವಿಟಿಗೆ, ಅಂದರೆ ಬೆಲ್ಟು ಪುಲ್ಲಿಯಿಂದ ನಡೆಯುವ ಗೇರ್‌ಬಾಕ್ಸಿಗೆ, ಅದರದ್ದೇ ಫ್ಲೂಯಿಡ್ ಬೇಕು. ಲೋಹದ ಬೆಲ್ಟು ಪುಲ್ಲಿಯ ಮೇಲೆ ಜಾರದಂತೆ ಹಿಡಿಯುವ ಗುಣ ಮಾಮೂಲಿ ಎಟಿಎಫ್‌ನಲ್ಲಿ ಇಲ್ಲ, ತಪ್ಪಿ ಹಾಕಿದರೆ ಬೆಲ್ಟೂ ಪುಲ್ಲಿಯೂ ಗೀರು ಬೀಳುತ್ತವೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಆಯಿಲ್ ಮತ್ತೊಂದು ಜಾತಿ. ಎಎಂಟಿ ಅನ್ನುವುದು ಮೂಲದಲ್ಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದಕ್ಕೆ ಹೋಗುವುದು ಗೇರ್ ಆಯಿಲ್, ಕ್ಲಚ್ಚನ್ನೂ ಗೇರನ್ನೂ ಸರಿಸುವ ಆಕ್ಚುಯೇಟರಿಗೆ ಬೇರೆ ಫ್ಲೂಯಿಡ್ ಇರಬಹುದು. ಓನರ್ಸ್ ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಫ್ಲೂಯಿಡ್‌ಗಳ ಪಟ್ಟಿ ಇರುತ್ತದೆ. ಅದನ್ನು ನೋಡದೆ ಬಾನೆಟ್ ಎತ್ತಬೇಡಿ.

ಎತ್ತಿದ ಮೇಲೆ ಡಿಪ್‌ಸ್ಟಿಕ್ ಇದೆಯೇ ನೋಡಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಹಿಡಿ ಹೆಚ್ಚಾಗಿ ಹಳದಿ. ಗೇರ್‌ಬಾಕ್ಸಿನದ್ದು ಕೆಂಪು, ಕಪ್ಪು ಅಥವಾ ಬೇರೆ ಬಣ್ಣದ್ದು, ಮುಂಚಕ್ರ ಎಳೆತದ ಕಾರುಗಳಲ್ಲಿ ಎಂಜಿನ್ನಿನ ಪಕ್ಕ ಗೇರ್‌ಬಾಕ್ಸ್ ಕೂತಿರುವ ಬದಿಯಲ್ಲಿ, ಹಿಂಚಕ್ರ ಎಳೆತದವುಗಳಲ್ಲಿ ಎಂಜಿನ್ನಿನ ಹಿಂಭಾಗದಲ್ಲಿ ಸಿಗುತ್ತದೆ. ಎಷ್ಟು ಹುಡುಕಿದರೂ ಸಿಗದಿದ್ದರೆ ನಿಮ್ಮದು ಸೀಲ್ಡ್ ಗೇರ್‌ಬಾಕ್ಸ್. ಅದರ ವಿಧಾನ ಬೇರೆ, ಕೆಳಗೆ ಬರುತ್ತದೆ.

ಡಿಪ್‌ಸ್ಟಿಕ್ ಇರುವ ಗಾಡಿಯಲ್ಲಿ ಮಟ್ಟ ನೋಡುವುದು

ಆಯಿಲ್ ಬಿಸಿಯಾಗಿರಬೇಕು. ಡಿಪ್‌ಸ್ಟಿಕ್‌ನ ಹಾಟ್ ಗುರುತು ಸಾಮಾನ್ಯವಾಗಿ 70ರಿಂದ 80 ಡಿಗ್ರಿ ಸೆಲ್ಸಿಯಸ್ ಇರುವ ಆಯಿಲಿಗೆ ಹಾಕಿದ್ದು. ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟರೆ ಎಂಜಿನ್ ಬಿಸಿಯಾಗುತ್ತದೆ, ಗೇರ್‌ಬಾಕ್ಸ್ ಅಷ್ಟು ಬೇಗ ಆಗುವುದಿಲ್ಲ. 15-20 ನಿಮಿಷ ಓಡಿಸಿ ಬನ್ನಿ. ಹಾಗಂತ ಭಾರ ಎಳೆದು, ಘಾಟಿ ಹತ್ತಿ ಬಂದ ಕೂಡಲೇ ನೋಡಿದರೂ ಲೆಕ್ಕ ತಪ್ಪುತ್ತದೆ. ಅರ್ಧ ಗಂಟೆ ತಣಿಯಲು ಬಿಡಿ. ಕೋಲ್ಡ್ ಗುರುತು ಅಂದಾಜಿಗೆ ಮಾತ್ರ, ಆಯಿಲ್ ಬದಲಿಸಿದ ಮೇಲೆ ಓಡಿಸುವ ಮುನ್ನ ಪ್ಯಾನ್ ಖಾಲಿಯಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಅಂತಿಮ ತೀರ್ಮಾನ ಹಾಟ್ ಗುರುತಿನದ್ದೇ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಚಾಲೂ ಇರಲಿ. ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದೇ ಲಿವರನ್ನು ಪಾರ್ಕ್‌ನಿಂದ ರಿವರ್ಸ್, ನ್ಯೂಟ್ರಲ್, ಡ್ರೈವ್ ಹೀಗೆ ಪ್ರತಿ ಸ್ಥಾನಕ್ಕೂ ತಂದು, ಒಂದೊಂದರಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಿ ಮತ್ತೆ ಪಾರ್ಕ್‌ಗೆ ತನ್ನಿ. ಕ್ಲಚ್‌ಗಳಿಗೆ ಹೋಗುವ ದಾರಿಗಳಲ್ಲೆಲ್ಲ ಆಯಿಲ್ ತುಂಬಿಕೊಳ್ಳಲಿ ಎಂದು ಈ ಕ್ರಮ. ಬಿಟ್ಟರೆ ಮಟ್ಟ ಹೆಚ್ಚು ಕಾಣುತ್ತದೆ. ಆಮೇಲೆ ಇಳಿದು, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆಯಿರಿ. ತೋಳಿನ ಬಟ್ಟೆ, ಸರ, ವಯರು ಯಾವುದೂ ಫ್ಯಾನಿನ, ಬೆಲ್ಟಿನ ಹತ್ತಿರ ಸುಳಿಯದಿರಲಿ.

ನೂಲು ಬಿಡದ ಬಟ್ಟೆಯಿಂದ ಒರೆಸಿ. ಹಳೆ ಬನಿಯನ್ನಿನ ನೂಲೆಳೆ ಒಂದು ಒಳಗೆ ಹೋದರೆ ವಾಲ್ವ್ ಬಾಡಿಯ ಕಿರಿದಾದ ರಂಧ್ರದಲ್ಲಿ ಸಿಕ್ಕಿಕೊಳ್ಳಬಹುದು. ಒರೆಸಿದ ಕಡ್ಡಿಯನ್ನು ಪೂರ್ತಿ ಕೂರುವಂತೆ ಹಾಕಿ, ಮತ್ತೆ ಎಳೆದು ಬೆಳಕಿಗೆ ಅಡ್ಡ ಹಿಡಿಯಿರಿ. ಎಟಿಎಫ್ ತೆಳು, ಟ್ಯೂಬಿನ ಗೋಡೆಗೆ ಅಂಟಿದ ಆಯಿಲ್ ಕಡ್ಡಿಗೂ ಮೆತ್ತುತ್ತದೆ. ಒಂದು ಮುಖದಲ್ಲಿ ಹಾಟ್ ಗೆರೆ ದಾಟಿ ಎಳೆಎಳೆಯಾಗಿ ಹತ್ತಿರುತ್ತದೆ, ಇನ್ನೊಂದು ಮುಖದಲ್ಲಿ ಗೆರೆಯ ಕೆಳಗೆ ನಿಚ್ಚಳವಾದ ಅಂಚು ಕಾಣುತ್ತದೆ. ಎರಡೂ ಮುಖ ನೋಡಿ ಕಡಿಮೆ ಇರುವುದನ್ನೇ ನಂಬಿ. ಮೂರು ಸಲ ಎಳೆದಾಗಲೂ ಅಂಚು ಒಂದೇ ಕಡೆ ಬಂದರೆ ಅದೇ ಮಟ್ಟ.

ಇದಕ್ಕೆ ಅಪವಾದಗಳಿವೆ. ಡಿಪ್‌ಸ್ಟಿಕ್ ಇರುವ ಹೋಂಡಾ ಕಾರುಗಳಲ್ಲಿ ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, 60ರಿಂದ 90 ಸೆಕೆಂಡಿನ ಒಳಗೆ ನೋಡಬೇಕು. ಹಳೆಯ ಹ್ಯುಂಡೈ, ಹಿಂಚಕ್ರ ಎಳೆತದ ಹಳೆಯ ಕ್ರೈಸ್ಲರ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರಬೇಕು, ಲಿವರ್ ನ್ಯೂಟ್ರಲ್‌ನಲ್ಲಿ ಇರಬೇಕು. ಇಂಥ ಕಡೆ ಸಾಮಾನ್ಯ ನಿಯಮ ಹಿಡಿದರೆ ಅಳತೆ ಕೆಡುತ್ತದೆ. ಮ್ಯಾನ್ಯುಯಲ್‌ನ ಮಾತೇ ಕೊನೆಯ ಮಾತು.

ಮಟ್ಟಕ್ಕಿಂತ ಹೆಚ್ಚು ಹೇಳುವುದು ಬಣ್ಣ, ವಾಸನೆ

ಕಡ್ಡಿಯ ತುದಿಯ ಆಯಿಲನ್ನು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಹೊಸ ಎಟಿಎಫ್ ಹೆಚ್ಚಾಗಿ ತಿಳಿಗೆಂಪು. ಈ ಕೆಂಪು ಬರೀ ಡೈ, ಎಂಜಿನ್ ಆಯಿಲಿನಿಂದ ಗುರುತು ಹಿಡಿಯಲು ಬೆರೆಸಿದ್ದು. ಕೆಲವು ಫ್ಲೂಯಿಡ್‌ಗಳು ಹಸಿರು, ಜೇನುಬಣ್ಣವೂ ಇರುತ್ತವೆ. ಒಂದಷ್ಟು ಸಾವಿರ ಕಿ.ಮೀ. ಓಡಿದ ಮೇಲೆ ಕೆಂಪು ಮಾಸಿ ಕಂದು ತಿರುಗುವುದು ರೋಗವಲ್ಲ. ಹನಿ ಅಗಲವಾಗಿ ಹರಡಿ ಅಂಚು ಪಾರದರ್ಶಕವಾಗಿದ್ದರೆ ಆಯಿಲಿನಲ್ಲಿ ಇನ್ನೂ ಜೀವವಿದೆ. ನಡುವೆ ಕಪ್ಪಗೆ ಗಟ್ಟಿಯಾಗಿ ನಿಂತು ಹರಡದಿದ್ದರೆ, ಸುಟ್ಟ ವಾಸನೆ ಮೂಗಿಗೆ ಹೊಡೆದರೆ ಕ್ಲಚ್‌ನ ಪುಡಿ ಸೇರಿದೆ ಎಂದರ್ಥ.

ಹಾಲು ಬೆರೆತಂತೆ ಮಸುಕು ಗುಲಾಬಿ ಬಣ್ಣ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಅದರ ಗೋಡೆ ಒಡೆದರೆ ಕೂಲೆಂಟ್ ಎಟಿಎಫ್‌ಗೆ ನುಗ್ಗುತ್ತದೆ. ನೀರೂ ಗ್ಲೈಕಾಲೂ ಕ್ಲಚ್ ತಟ್ಟೆಗಳ ಕಾಗದದಂಥ ಲೈನಿಂಗನ್ನು ಹಿಡಿದಿರುವ ಅಂಟನ್ನು ಸಡಿಲಿಸುತ್ತವೆ. ಆಯಿಲ್ ಮಾತ್ರ ಬದಲಿಸಿ ಓಡಿಸಿದರೆ ಕೆಲವೇ ದಿನಗಳಲ್ಲಿ ಲೈನಿಂಗ್ ಕಿತ್ತು ಬರಬಹುದು. ಕೂಲರ್ ಬದಲಿಸಿ, ಗೇರ್‌ಬಾಕ್ಸ್ ತೊಳೆಸಿ, ಹಾನಿ ಎಷ್ಟಾಗಿದೆ ಎಂದು ನೋಡಿಸಿಯೇ ಮುಂದಿನ ಮಾತು. ಬೆರಳಲ್ಲಿ ಉಜ್ಜಿದಾಗ ಬೆಳ್ಳಿಯಂತೆ ಹೊಳೆಯುವ ಚೂರು ಸಿಕ್ಕರೆ ಬೇರಿಂಗೋ ಗೇರೋ ಸವೆಯುತ್ತಿದೆ. ಇಲ್ಲೂ ಆಯಿಲ್ ಮದ್ದಲ್ಲ.

ಯಾವ ಆಯಿಲ್

ಬಣ್ಣ ಒಂದೇ ಆದ ಮಾತ್ರಕ್ಕೆ ಆಯಿಲ್ ಒಂದೇ ಅಲ್ಲ. ಎಟಿಎಫ್‌ಗಳ ನಡುವಿನ ನಿಜವಾದ ಭೇದ ಇರುವುದು ಸ್ನಿಗ್ಧತೆಯಲ್ಲಿ ಮತ್ತು ಫ್ರಿಕ್ಷನ್ ಮಾಡಿಫೈಯರ್ ಎಂಬ ರಾಸಾಯನಿಕದಲ್ಲಿ, ಅಂದರೆ ಕ್ಲಚ್ ಎಷ್ಟು ಮೆತ್ತಗೆ, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವ ಭಾಗದಲ್ಲಿ. 1970ರ ದಶಕದ ಆರಂಭದವರೆಗೆ ಈ ಕೆಲಸಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಸರಿಸಾಟಿಯಾದ ಬದಲಿ ಹುಡುಕಲು ಆಯಿಲ್ ಕಂಪನಿಗಳು ಸಾಕಷ್ಟು ಹೆಣಗಬೇಕಾಯಿತು. ಫ್ಲೂಯಿಡ್‌ನ ಈ ಸಣ್ಣ ಅಂಶ ಅಷ್ಟು ಸೂಕ್ಷ್ಮ.

ಹಾಗಾಗಿ ಡಿಪ್‌ಸ್ಟಿಕ್ ಮೇಲೋ ಮ್ಯಾನ್ಯುಯಲ್‌ನಲ್ಲೋ ಬರೆದ ಸ್ಪೆಸಿಫಿಕೇಷನ್ನನ್ನು ಅಕ್ಷರಶಃ ಹಿಡಿಯಿರಿ. ಟೊಯೊಟಾದಲ್ಲಿ ಟಿ-4 ಬೇರೆ, ಡಬ್ಲ್ಯುಎಸ್ ಬೇರೆ. ಡಬ್ಲ್ಯುಎಸ್ ತೆಳ್ಳಗಿನದ್ದು, ಒಂದರ ಬದಲು ಇನ್ನೊಂದು ಸಲ್ಲದು. ಹ್ಯುಂಡೈ, ಕಿಯಾಗಳ ಎಸ್‌ಪಿ-3 ಮತ್ತು ಎಸ್‌ಪಿ-4 ಕಥೆಯೂ ಹಾಗೆಯೇ. ಕೆಲವು ಕಡೆ ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ: ಹೋಂಡಾದಲ್ಲಿ ಝಡ್-1ರ ಜಾಗಕ್ಕೆ ಡಿಡಬ್ಲ್ಯು-1, ಜನರಲ್ ಮೋಟರ್ಸ್‌ನಲ್ಲಿ ಡೆಕ್ಸ್ರಾನ್-3ರ ಜಾಗಕ್ಕೆ ಡೆಕ್ಸ್ರಾನ್-6. ಆದರೆ ಈ ದಾರಿ ಏಕಮುಖ. ಡೆಕ್ಸ್ರಾನ್-6 ಕೇಳುವ ಗೇರ್‌ಬಾಕ್ಸಿಗೆ ಡೆಕ್ಸ್ರಾನ್-3 ಹಾಕಬಾರದು. ಎಲ್ಲ ಗಾಡಿಗೂ ಆಗುತ್ತದೆ ಎಂದು ಬರೆದ ಮಲ್ಟಿ ವೆಹಿಕಲ್ ಆಯಿಲಿನ ಡಬ್ಬಿಯ ಹಿಂಭಾಗದಲ್ಲಿ ನಿಮ್ಮ ಸ್ಪೆಸಿಫಿಕೇಷನ್ನಿನ ಹೆಸರೇ ಇದ್ದರೆ ಪರಿಶೀಲಿಸಬಹುದು, ಇಲ್ಲದಿದ್ದರೆ ಬೇಡ. ಸೋರಿಕೆ ನಿಲ್ಲಿಸುತ್ತೇವೆ ಎನ್ನುವ ಬಾಟಲಿಗಳು ರಬ್ಬರ್ ಸೀಲನ್ನು ಉಬ್ಬಿಸಿ ಒಂದಷ್ಟು ದಿನ ತಳ್ಳುತ್ತವೆ, ಅಷ್ಟೇ.

ತುಂಬುವುದು

ಡಿಪ್‌ಸ್ಟಿಕ್‌ನ ಟ್ಯೂಬೇ ತುಂಬುವ ಬಾಯಿ. ಉದ್ದ ಮೂತಿಯ, ಬೇರೆ ಯಾವುದಕ್ಕೂ ಬಳಸದ ಚೊಕ್ಕಟ ಫನೆಲ್ ಬೇಕು. ಎಂಜಿನ್ ಆಯಿಲ್ ಸುರಿದ ಫನೆಲ್ ಆಗದು, ನೀರು ಮುಟ್ಟಿದ್ದಂತೂ ಬೇಡವೇ ಬೇಡ. ಹಾಟ್ ಗುರುತಿನ ಕೆಳ ಗೆರೆಗೂ ಮೇಲ್ಗೆರೆಗೂ ನಡುವೆ ಅನೇಕ ಗಾಡಿಗಳಲ್ಲಿ ಅರ್ಧ ಲೀಟರಿನಷ್ಟೇ ಅಂತರ. ಆದ್ದರಿಂದ ಅಳತೆಪಾತ್ರೆಯಲ್ಲಿ 100ರಿಂದ 200 ಮಿಲಿಲೀಟರ್ ತೆಗೆದು ನಿಧಾನ ಸುರಿಯಿರಿ, ಟ್ಯೂಬಿನ ಗೋಡೆಯಿಂದ ಇಳಿಯಲು ಎರಡು ಮೂರು ನಿಮಿಷ ಕೊಡಿ, ಲಿವರನ್ನು ಮತ್ತೊಮ್ಮೆ ಎಲ್ಲ ಸ್ಥಾನಕ್ಕೂ ಓಡಿಸಿ, ಮತ್ತೆ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಬಂದರೆ ಕೈಬಿಡಿ. ಮೇಲ್ಗೆರೆಗೆ ಮುಟ್ಟಿಸಲೇಬೇಕೆಂಬ ಹಟ ಬೇಡ. ಸುರಿಯುವಾಗ ಚೆಲ್ಲಿದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿ. ಸುತ್ತ ಬಟ್ಟೆ ಹಾಸಿಟ್ಟುಕೊಳ್ಳಿ.

ಜಾಸ್ತಿ ತುಂಬುವುದು ಕಡಿಮೆ ಇರುವುದಕ್ಕಿಂತ ವಾಸಿ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ, ಅದು ಅಪ್ಪಟ ತಪ್ಪು. ಮಟ್ಟ ಏರಿದರೆ ತಿರುಗುವ ಗೇರುಗಳು, ಡ್ರಮ್ಮುಗಳು ಆಯಿಲಲ್ಲಿ ಮುಳುಗಿ ಕಡೆಯುತ್ತವೆ. ನೊರೆ ಏಳುತ್ತದೆ. ನೊರೆಯೆಂದರೆ ಗಾಳಿ, ಮುಂದಿನದ್ದೆಲ್ಲ ಕಡಿಮೆ ಆಯಿಲಿನಲ್ಲಿ ಆಗುವುದೇ: ಒತ್ತಡ ಇಳಿಯುವುದು, ಕ್ಲಚ್ ಜಾರುವುದು, ಬಿಸಿಯೇರುವುದು. ಜತೆಗೆ ಗಾಳಿಯಾಡಲು ಇರುವ ಬ್ರೀದರ್ ರಂಧ್ರದಿಂದ ಆಯಿಲ್ ಉಕ್ಕಿ ಹೊರಬಂದು ಸೀಲ್ ಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹೆಚ್ಚಾಗಿದ್ದರೆ ಟ್ಯೂಬಿನೊಳಗೆ ತೆಳು ಹೋಸ್ ಇಳಿಸಿ ದೊಡ್ಡ ಸಿರಿಂಜಿನಲ್ಲಿ ಎಳೆದು ತೆಗೆಯಬಹುದು.

ಸೋರುವ ಜಾಗ ಹುಡುಕಲು ಗೇರ್‌ಬಾಕ್ಸಿನ ಹೊರಮೈ ಒರೆಸಿ, ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ನಿಲ್ಲಿಸಿ. ಪ್ಯಾನ್ ಗ್ಯಾಸ್ಕೆಟ್, ಚಕ್ರಕ್ಕೆ ಹೋಗುವ ಆಕ್ಸಲ್ ಸೀಲ್, ರೇಡಿಯೇಟರಿಗೆ ಹೋಗುವ ಕೂಲರ್ ಹೋಸಿನ ಕ್ಲಿಪ್ ಇವು ಮೊದಲು ನೋಡಬೇಕಾದವು. ಎಂಜಿನ್ ಗೇರ್‌ಬಾಕ್ಸ್ ಕೂಡುವ ಕಡೆಯಿಂದ ಕೆಂಪು ಹನಿ ಬರುತ್ತಿದ್ದರೆ ಮುಂಭಾಗದ ಪಂಪ್ ಸೀಲ್ ಇರಬಹುದು, ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ. ಕೆಲವು ಕಾರುಗಳ ಪವರ್ ಸ್ಟೀರಿಂಗಿನಲ್ಲೂ ಎಟಿಎಫ್ ಇರುತ್ತದೆ. ಕೆಂಪು ಕಂಡ ಕೂಡಲೇ ಗೇರ್‌ಬಾಕ್ಸನ್ನು ದೂರಬೇಡಿ.

ಡಿಪ್‌ಸ್ಟಿಕ್ ಇಲ್ಲದ ಸೀಲ್ಡ್ ಗೇರ್‌ಬಾಕ್ಸ್

ಇಲ್ಲಿ ಮಟ್ಟ ಹೇಳುವುದು ಪ್ಯಾನ್ ಒಳಗೆ ನಿಂತಿರುವ ಒಂದು ಪುಟ್ಟ ಕೊಳವೆ. ಕೆಳಗಿನ ಪ್ಲಗ್ ಬಿಚ್ಚಿದಾಗ ಆ ಕೊಳವೆಯ ಬಾಯಿಗಿಂತ ಮೇಲಿರುವ ಆಯಿಲ್ ಮಾತ್ರ ಹೊರಬರುತ್ತದೆ. ಆಯಿಲ್ ಬಿಸಿಯಾದಷ್ಟೂ ಹಿಗ್ಗುತ್ತದೆ, ಹಾಗಾಗಿ ಉಷ್ಣತೆ ಗೊತ್ತಿಲ್ಲದೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ಹಲವು ಗೇರ್‌ಬಾಕ್ಸ್‌ಗಳಿಗೆ 35ರಿಂದ 45 ಡಿಗ್ರಿ ಬೇಕು, ಕೆಲವಕ್ಕೆ ಬೇರೆ. ಡಿಪ್‌ಸ್ಟಿಕ್‌ಗೆ ಬೇಕಾದದ್ದಕ್ಕಿಂತ ಇದು ತುಂಬಾ ತಂಪು, ಅಂದರೆ ಓಡಿಸಿ ಬಂದ ಗಾಡಿಯಲ್ಲಿ ಮಾಡುವಂತಿಲ್ಲ. ಉಷ್ಣತೆಯನ್ನು ಒಬಿಡಿ ಸ್ಕ್ಯಾನರಿನಲ್ಲಿ, ಅಂದರೆ ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸುವ ಉಪಕರಣದಲ್ಲಿ, ಓದಿ. ಪ್ಯಾನ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಸಿಗುವುದು ತಗಡಿನ ಬಿಸಿ, ಆಯಿಲಿನದ್ದಲ್ಲ.

ಗಾಡಿ ನಾಲ್ಕೂ ಮೂಲೆಯಲ್ಲಿ ಸಮವಾಗಿ ಎದ್ದಿರಬೇಕು. ಮುಂಭಾಗ ಮಾತ್ರ ಜಾಕ್ ಹಾಕಿ ಎತ್ತಿದರೆ ಮಟ್ಟ ಸುಳ್ಳಾಗುತ್ತದೆ. ಜಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗುವ ಮಾತೇ ಇಲ್ಲ. ಎಂಜಿನ್ ಓಡುತ್ತಿರುವ ಗಾಡಿಯ ಕೆಳಗೆ ಕೈ ಹಾಕುವ ಕೆಲಸ ಇದು. ಲಿಫ್ಟ್ ಇರುವ ಕಡೆ ಮಾಡುವುದೇ ಲೇಸು.

ಇನ್ನೊಂದು ಮಾತು, ಇದನ್ನು ಮರೆತವರು ಪಟ್ಟ ಪಾಡು ದೊಡ್ಡದು: ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದ್ದು. ಅಲ್ಯೂಮಿನಿಯಂ ಮೈಗೆ ಕಚ್ಚಿಕೊಂಡ ತುಂಬುವ ಪ್ಲಗ್ ಬಿಚ್ಚಲೇ ಬರದಿದ್ದರೆ, ಆಗಲೇ ಆಯಿಲ್ ಹರಿಸಿಬಿಟ್ಟ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಎಂಜಿನ್ ಚಾಲೂ ಮಾಡಿ, ಲಿವರನ್ನು ಎಲ್ಲ ಸ್ಥಾನಕ್ಕೂ ಓಡಿಸಿ ಪಾರ್ಕ್‌ಗೆ ತಂದು, ಹೇಳಿದ ಉಷ್ಣತೆ ಬಂದಾಗ ಕೆಳಗಿನ ಲೆವೆಲ್ ಪ್ಲಗ್ ಬಿಚ್ಚಿ. ಆಯಿಲ್ ಧಾರೆಯಾಗಿ ಬಂದರೆ ಹೆಚ್ಚಿದೆ, ಹರಿಯಲು ಬಿಡಿ. ದಾರದಷ್ಟು ತೆಳುವಾಗಿ, ಆಮೇಲೆ ಕಡಿದು ಒಂದೊಂದೇ ಹನಿಯಾಗಿ ತೊಟ್ಟಿಕ್ಕುವ ಹೊತ್ತಿಗೆ ಮಟ್ಟ ಸರಿಯಾಗಿದೆ. ಆ ಕ್ಷಣವೇ ಹೊಸ ವಾಷರ್ ಹಾಕಿ ಮುಚ್ಚಿ. ಏನೂ ಬರದಿದ್ದರೆ ಮೇಲಿನಿಂದ ಹ್ಯಾಂಡ್ ಪಂಪಿನಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿ, ಹನಿ ಶುರುವಾಗುವವರೆಗೆ. ಎಂಜಿನ್ ಆಫ್ ಇರುವಾಗ ಈ ಪ್ಲಗ್ ಬಿಚ್ಚಿದರೆ ಸರಿಯಾದ ಮಟ್ಟದ ಆಯಿಲೂ ಲೀಟರುಗಟ್ಟಲೆ ಹೊರಗೆ ಹರಿಯುತ್ತದೆ. ಒಳಗಿನ ಕೊಳವೆ ಕೆಲವು ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನದ್ದು, ಕೈಬಿಗಿತವೇ ಸಾಕು. ಪಾನಾ ಹಾಕಿ ತಿರುವಿದರೆ ಮುರಿಯುತ್ತದೆ.

ಪೂರ್ತಿ ಬದಲಿಸುವಾಗ

ಲೈಫ್‌ಟೈಮ್ ಫ್ಲೂಯಿಡ್ ಎಂಬ ಮಾತನ್ನು ಗೇರ್‌ಬಾಕ್ಸಿನ ಆಯಸ್ಸು ಎಂದು ತಿಳಿಯಬೇಡಿ. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಸ್ವತಃ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ಟ್ರಾಫಿಕ್ಕಿನಲ್ಲಿ ತೆವಳುವ, ಭಾರ ಎಳೆಯುವ ಗಾಡಿಗೆ ಇನ್ನೂ ಬೇಗ ಬೇಕು. ಆಯಿಲನ್ನು ಕೊಲ್ಲುವುದು ಶಾಖ.

ಡ್ರೇನ್ ಪ್ಲಗ್ ಬಿಚ್ಚಿದರೆ ಎಲ್ಲ ಆಯಿಲ್ ಬರುವುದಿಲ್ಲ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ 3.5 ಲೀಟರ್ ಬಂದರೆ ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರಿನಲ್ಲೇ ಕೂತಿರುತ್ತದೆ. ಒಂದು ಸಲ ಹರಿಸಿ ತುಂಬಿದರೆ ಒಳಗಿನದರಲ್ಲಿ ಶೇ. 44 ಹೊಸದು; ನಡುವೆ ಒಂದಷ್ಟು ಓಡಿಸಿ ಎರಡನೆಯ ಸಲ ಮಾಡಿದರೆ ಶೇ. 68, ಮೂರನೆಯ ಸಲಕ್ಕೆ ಶೇ. 82. ಒತ್ತಡ ಹಾಕಿ ತೊಳೆಯುವ ಫ್ಲಶ್ ಮಷಿನ್‌ಗಿಂತ ಈ ನಿಧಾನದ ದಾರಿಯೇ ಹಳೆಯ ಗೇರ್‌ಬಾಕ್ಸಿಗೆ ಒಳ್ಳೆಯದು, ಕೂತ ಕೆಸರು ಒಮ್ಮೆಲೇ ಎದ್ದು ವಾಲ್ವ್‌ಗಳಿಗೆ ಸೇರುವ ಭಯ ಕಡಿಮೆ. ಈಗಾಗಲೇ ಜಾರುತ್ತಿರುವ, ಸುಟ್ಟ ವಾಸನೆಯ ಗೇರ್‌ಬಾಕ್ಸ್ ಮಾತ್ರ ಯಾವ ಆಯಿಲಿನಿಂದಲೂ ಸರಿಯಾಗದು.

ಎಷ್ಟು ತುಂಬಬೇಕು ಎಂಬುದಕ್ಕೆ ಸರಳ ಉಪಾಯ: ಮೊದಲಿದ್ದ ಮಟ್ಟ ಸರಿಯಿದ್ದರೆ, ಹರಿದು ಬಂದ ಆಯಿಲನ್ನು ತಣಿದ ಮೇಲೆ ಅಳೆಯಿರಿ, ಅಷ್ಟೇ ಹೊಸದನ್ನು ಹಾಕಿ. ಆಮೇಲೆ ಬಿಸಿ ಮಾಡಿ ಮಟ್ಟ ನೋಡುವುದು ಇದ್ದೇ ಇದೆ.

ಪ್ಯಾನ್ ಇಳಿಸಿದರೆ ಒಳಗಿನ ಅಯಸ್ಕಾಂತ ನೋಡಿ. ಬೂದುಬಣ್ಣದ ನಯವಾದ ಕೆಸರು ಮೆತ್ತಿದ್ದರೆ ಸಹಜ ಸವೆತ, ಒರೆಸಿ ಅದೇ ಜಾಗದಲ್ಲಿ ಇಡಿ. ಉಗುರಿಗೆ ತಾಗುವಂಥ ಚೂರಿದ್ದರೆ ಅಲ್ಲಿಗೆ ನಿಲ್ಲಿಸಿ, ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಫಿಲ್ಟರ್ ಬದಲಿಸುವಾಗ ಹಳೆಯ ಓ-ರಿಂಗ್ ಮೇಲೆಯೇ ಅಂಟಿ ಉಳಿದಿಲ್ಲ ಎಂದು ಬೆರಳಿಟ್ಟು ನೋಡಿ. ಅದರ ಮೇಲೆ ಹೊಸದು ಕೂತರೆ ಪಂಪ್ ಗಾಳಿ ಎಳೆಯುತ್ತದೆ. ಪ್ಯಾನ್ ಬೋಲ್ಟುಗಳ ಬಿಗಿತ ತೀರಾ ಕಡಿಮೆ, ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್. ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಜೋರು ಹಾಕಿದರೆ ಪ್ಯಾನ್‌ನ ಅಂಚು ಬೋಲ್ಟ್ ಇರುವಲ್ಲಿ ತಗ್ಗಿ, ನಡುವೆ ಉಬ್ಬಿ ಅಲ್ಲಿಂದಲೇ ಜಿನುಗುತ್ತದೆ.

ಬದಲಿಸಿದ ಮೇಲೆ ಗೇರ್ ಬೀಳುವುದು ಕೆಲವು ದಿನ ತುಸು ಒರಟೆನಿಸಬಹುದು. ಹಳೆಯ ಆಯಿಲಿಗೆ ಹೊಂದಿಕೊಂಡಿದ್ದ ಕಂಪ್ಯೂಟರ್ ಹೊಸದಕ್ಕೆ ಒಗ್ಗಬೇಕು, ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅಡಾಪ್ಟೇಷನ್ ರೀಸೆಟ್ ಮಾಡಬೇಕಾಗುತ್ತದೆ. ಮಾರನೆಯ ದಿನ ಕೆಳಗೆ ಬಗ್ಗಿ ಪ್ಲಗ್, ಪ್ಯಾನ್ ಅಂಚು ಒದ್ದೆಯಾಗಿದೆಯೇ ನೋಡಿ, 200 ಕಿ.ಮೀ. ಓಡಿದ ಮೇಲೆ ಮಟ್ಟವನ್ನು ಇನ್ನೊಮ್ಮೆ ನೋಡಿ. ತೆಗೆದ ಆಯಿಲನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡಿ, ಮೋರಿಗೂ ಮಣ್ಣಿಗೂ ಸುರಿಯಬೇಡಿ. ಹೊಸ ಆಯಿಲಿನ ಡಬ್ಬಿಯ ಮೇಲೆ ದಿನಾಂಕ, ಕಿ.ಮೀ., ಹಾಕಿದ ಆಯಿಲಿನ ಸ್ಪೆಸಿಫಿಕೇಷನ್ ಬರೆದು ಒಂದು ಫೋಟೊ ತೆಗೆದಿಟ್ಟರೆ ಮುಂದಿನ ಸಲ ಯಾವ ಆಯಿಲ್ ಎಂದು ತಡಕಾಡಬೇಕಿಲ್ಲ.